ಹೌದಾದರೆ ವಿವರ, ಇಲ್ಲವಾದರೆ ಕಾರಣ: ಸಂಸತ್ತಿನ ಪ್ರಶ್ನೋತ್ತರ ಸೇವೆ ಬಳಸಿದ ನನ್ನ ಅನುಭವ

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ದಾಟುವ ಸೇತುವೆ ಅದು. ಗೋವಾಕ್ಕೆ ಹೋಗುವವರು, ಮೀನು ತರುವವರು, ಕಾಲೇಜಿಗೆ ಬರುವ ಮಕ್ಕಳು, ಎಲ್ಲರಿಗೂ ಗೊತ್ತಿದ್ದ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿ ಬಂದರು, ಅದೊಂದು ಪುಣ್ಯ. ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಾಗಲೇ ಐದಾರು ಜನ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. ಇದನ್ನು ಪರೀಕ್ಷೆ ಮಾಡಬೇಕಾದವರು ಯಾರು? ಕೊನೆಯ ಸಲ ಮಾಡಿದ್ದು ಯಾವಾಗ?

ಕಾರವಾರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಹತ್ತೊಂಬತ್ತು ವರ್ಷ ಆಯಿತು. ಪಹಣಿ, ಆಧಾರ್, ಸ್ಕಾಲರ್‌ಶಿಪ್ ಅರ್ಜಿ, ಸಾಲದ ಕಾಗದ, ಎಲ್ಲ ನನ್ನ ಮೇಜಿನ ಮೇಲೆ ಬರುತ್ತವೆ. ಅವತ್ತು ಕಟ್ಟೆಯ ಮೇಲೆ ಕೂತವರಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಅವರು ಹೇಳಿದರು, 'ತಂಗಿ, ಇದು ರಾಷ್ಟ್ರೀಯ ಹೆದ್ದಾರಿ. ಇದಕ್ಕೆ ಉತ್ತರ ಕೊಡಬೇಕಾದವರು ದಿಲ್ಲಿಯಲ್ಲಿದ್ದಾರೆ. ಈಗ ಅಧಿವೇಶನವೂ ನಡೀತಾ ಇದೆ. ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಹಾಕು.'

ಹಾಗೆ ಶುರುವಾಯಿತು. ಇವತ್ತು ನಾನು ಬರೆಯುತ್ತಿರುವುದು ಸಂಸತ್ತಿನ ಎರಡು ಸೇವೆಗಳ ಬಗ್ಗೆ. ಒಂದು, ಕಲಾಪದ ನೇರ ಪ್ರಸಾರ. ಇನ್ನೊಂದು, ಪ್ರಶ್ನೆ ಮತ್ತು ಉತ್ತರಗಳನ್ನು ಹಾಕುವ ಸಂಸತ್ತಿನ ಜಾಲತಾಣ. ಎರಡೂ ಉಚಿತ. ನೋಂದಣಿ ಬೇಡ, ಪಾಸ್‌ವರ್ಡ್ ಬೇಡ. ಆದರೂ ನಮ್ಮ ಕಡೆ ಬಳಸುವವರು ತೀರಾ ಕಡಿಮೆ. ಫೋನಿನ ವಿಮರ್ಶೆ, ಮಿಕ್ಸಿಯ ವಿಮರ್ಶೆ ಎಲ್ಲ ಓದುತ್ತೇವೆ. ನಮ್ಮದೇ ಹಣದಲ್ಲಿ ನಡೆಯುವ ಈ ಸೇವೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೇರ ಪ್ರಸಾರದ ಮಾತು, ಬೇಗ ಮುಗಿಸುತ್ತೇನೆ. ಲೋಕಸಭೆ ಟಿವಿ ಮತ್ತು ರಾಜ್ಯಸಭೆ ಟಿವಿ ಅಂತ ಮೊದಲು ಬೇರೆ ಬೇರೆ ಇದ್ದವು. 2021ರ ಸೆಪ್ಟೆಂಬರ್ 15ರಂದು ಎರಡೂ ಸೇರಿ ಸಂಸದ್ ಟಿವಿ ಆಯಿತು. ಅಧಿವೇಶನ ಇದ್ದಾಗ ಅದರ ಎರಡು ಚಾನೆಲ್‌ಗಳಲ್ಲಿ ಒಂದರಲ್ಲಿ ಲೋಕಸಭೆ, ಇನ್ನೊಂದರಲ್ಲಿ ರಾಜ್ಯಸಭೆ ಬರುತ್ತದೆ. ಯೂಟ್ಯೂಬಿನಲ್ಲೂ ಸಿಗುತ್ತದೆ. ನಾನು ಫೋನನ್ನು ಲ್ಯಾಮಿನೇಶನ್ ಮೆಷಿನ್ನಿಗೆ ಒರಗಿಸಿ ಇಟ್ಟು ಕೆಲಸ ಮಾಡುತ್ತಾ ಕೇಳುತ್ತೇನೆ. ಲೋಕಸಭೆಯಲ್ಲಿ ಹನ್ನೊಂದರಿಂದ ಹನ್ನೆರಡರವರೆಗೆ ಪ್ರಶ್ನೋತ್ತರ ಅವಧಿ. ಆಮೇಲೆ ಶೂನ್ಯವೇಳೆ, ಅಂದರೆ ಸದಸ್ಯರು ಅಂದಂದಿನ ವಿಷಯ ಎತ್ತುವ ಹೊತ್ತು. ರಾಜ್ಯಸಭೆಯಲ್ಲಿ ಇದು ಉಲ್ಟಾ, ಅಲ್ಲಿ ಪ್ರಶ್ನೋತ್ತರ ಹನ್ನೆರಡು ಗಂಟೆಗೆ.

ಸುಮ್ನೆ ಹೇಳುವುದಿಲ್ಲ, ಮೊದಮೊದಲು ನನಗೆ ಬೇಸರ ಬಂತು. ಗದ್ದಲ, ಫಲಕ, ಮುಂದೂಡಿಕೆ. ಹನ್ನೊಂದಕ್ಕೆ ಶುರುವಾಗಿ ಹನ್ನೊಂದು ಐದಕ್ಕೆ ನಿಂತ ದಿನವೂ ಇತ್ತು. ಕಟ್ಟೆಯ ಮೇಲಿದ್ದವರು, 'ಇಷ್ಟೇನಾ ಸಂಸತ್ತು?' ಅಂತ ಎದ್ದು ಹೋದರು. ನಾನೂ ಬಂದ್ ಮಾಡುವವಳಿದ್ದೆ. ಆಗ ಮಾಸ್ತರರು ಒಂದು ವಿಷಯ ಹೇಳಿದರು. ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯವನ್ನೇ ಅದು ಬದಲಿಸಿತು. ಗದ್ದಲದಲ್ಲಿ ಸದನ ನಿಂತು ಹೋದರೂ ಆ ದಿನದ ಉತ್ತರಗಳು ನಿಲ್ಲುವುದಿಲ್ಲ. ಅವು ಲಿಖಿತವಾಗಿ ಸದನದಲ್ಲಿ ಮಂಡನೆ ಆದಂತೆಯೇ ಲೆಕ್ಕ. ಜಾಲತಾಣಕ್ಕೆ ಬರುತ್ತವೆ.

ಲೆಕ್ಕ ಹೀಗಿದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳೂ ಬರುತ್ತವೆ. ಇನ್ನು ಚುಕ್ಕೆ ಗುರುತಿಲ್ಲದ್ದು 230ರವರೆಗೆ. ಇವಕ್ಕೆ ಬರಹದಲ್ಲೇ ಉತ್ತರ. ಅಂದರೆ ಒಂದೇ ದಿನ ಸುಮಾರು 250 ಉತ್ತರ. ಟಿವಿಯಲ್ಲಿ ನಾವು ನೋಡುವುದು ಅದರಲ್ಲಿ ಏಳೆಂಟು ಮಾತ್ರ. ಉಳಿದದ್ದೆಲ್ಲ ಕಾಗದದಲ್ಲಿದೆ. ಕಾಗದದ ಅಂಗಡಿ ಇಟ್ಟವಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಆ ಕಾಗದ ಹೇಗಿರುತ್ತದೆ ಅಂತ ಹೇಳಬೇಕು. ಮೇಲೆ ಮಂತ್ರಾಲಯದ ಹೆಸರು, ಪ್ರಶ್ನೆಯ ಸಂಖ್ಯೆ, ಉತ್ತರ ಕೊಡಬೇಕಾದ ತಾರೀಕು. ಕೆಳಗೆ ಕೇಳಿದ ಸದಸ್ಯರ ಹೆಸರು. ಆಮೇಲೆ ಪ್ರಶ್ನೆ, ಎ, ಬಿ, ಸಿ ಅಂತ ತುಂಡು ತುಂಡಾಗಿ. ಇಂಥ ಕೆಲಸ ಸರ್ಕಾರದ ಗಮನಕ್ಕೆ ಬಂದಿದೆಯೇ, ಹೌದಾದರೆ ಅದರ ವಿವರವೇನು, ಇಲ್ಲವಾದರೆ ಕಾರಣವೇನು. ಕೊನೆಯ ಆ ಎರಡು ತುಂಡು ಬಹಳಷ್ಟು ಪ್ರಶ್ನೆಗಳಲ್ಲಿ ಇರುತ್ತವೆ. ಮೊದಲು ನನಗೆ ಅದು ಸರ್ಕಾರಿ ಭಾಷೆಯ ಅಭ್ಯಾಸ ಅನ್ನಿಸಿತ್ತು. ಓದುತ್ತಾ ಹೋದ ಹಾಗೆ ಅದರ ಬೆಲೆ ತಿಳಿಯಿತು. ಹೌದು ಅಂದರೆ ಸಾಲದು, ವಿವರ ಕೊಡಬೇಕು. ಇಲ್ಲ ಅಂದರೂ ಬಿಡುವುದಿಲ್ಲ, ಕಾರಣ ಹೇಳಬೇಕು. ನನ್ನ ಅಂಗಡಿಗೆ ಬರುವವರು ಯಾವ ಯಾವುದೋ ಕಚೇರಿಯ ಕಿಟಕಿಯಲ್ಲಿ 'ಇಲ್ಲ' ಅನ್ನುವ ಒಂದೇ ಮಾತು ಕೇಳಿ ವಾಪಸ್ ಬಂದಿರುತ್ತಾರೆ. ಕಾರಣ ಯಾರೂ ಹೇಳಿರುವುದಿಲ್ಲ. ಇಲ್ಲಿ ಒಬ್ಬ ಮಂತ್ರಿ ಕಾರಣವನ್ನು ಬರೆದು ಕೊಡಬೇಕು, ತಾರೀಕು ಹಾಕಿ.

ಪಿಯುಸಿ ಓದುವ ಹುಡುಗಿಯೊಬ್ಬಳು ನೋಟ್ಸ್ ಪ್ರಿಂಟಿಗೆ ಬಂದವಳು ಕೇಳಿದಳು, 'ಅಕ್ಕಾ, ಮಂತ್ರಿಗಳು ಯಾಕೆ ಉತ್ತರ ಕೊಡಲೇಬೇಕು? ಕೊಡದೇ ಇದ್ದರೆ?' ಒಳ್ಳೆಯ ಪ್ರಶ್ನೆ ಅಲ್ವಾ? ನಮ್ಮಲ್ಲಿ ಮಂತ್ರಿಮಂಡಲ ಲೋಕಸಭೆಗೆ ಹೊಣೆ. ಸಂವಿಧಾನದ 75ನೇ ವಿಧಿಯಲ್ಲಿ ಹಾಗೆ ಬರೆದಿದೆ. ಸದನದ ಬೆಂಬಲ ಹೋದರೆ ಸರ್ಕಾರ ಹೋಯಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಮತದಿಂದ, 269ಕ್ಕೆ 270. ಅವತ್ತು ನಾವು ಶಿರಸಿ ಹತ್ತಿರದ ನನ್ನ ತವರಿನಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೂತು ರೇಡಿಯೋ ಕೇಳಿದ್ದೆವು. ಅಪ್ಪ ಮೂರು ಸಲ ಆ ಸಂಖ್ಯೆ ಹೇಳಿಕೊಂಡದ್ದು ನೆನಪಿದೆ. ಸದನಕ್ಕೆ ಅಷ್ಟು ಶಕ್ತಿ ಇರುವುದರಿಂದಲೇ ದಿನದ ಸಣ್ಣ ಪ್ರಶ್ನೆಗೂ ಉತ್ತರ ಬರುತ್ತದೆ. ಸದನಕ್ಕೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಪ್ರಶ್ನೆ ಏಳುತ್ತದೆ. ತಪ್ಪು ಗೊತ್ತಾದರೆ ಮಂತ್ರಿ ಬಂದು ಉತ್ತರವನ್ನು ತಿದ್ದಬೇಕು.

ಈಗ ಬಳಸುವ ರೀತಿ. ಜಾಲತಾಣದಲ್ಲಿ ಮೊದಲು ಸದನ ಆರಿಸಿ. ಪ್ರಶ್ನೆಗಳ ಪುಟಕ್ಕೆ ಹೋಗಿ. ಅಲ್ಲಿ ಎಷ್ಟನೇ ಲೋಕಸಭೆ, ಯಾವ ಅಧಿವೇಶನ, ಯಾವ ಮಂತ್ರಾಲಯ, ಯಾವ ಸದಸ್ಯರು ಅಂತ ಆರಿಸಬಹುದು. ಶಬ್ದ ಹಾಕಿಯೂ ಹುಡುಕಬಹುದು. ಶಬ್ದವನ್ನು ಇಂಗ್ಲಿಷಿನಲ್ಲಿ ಹಾಕಬೇಕು, ಕಾಗುಣಿತದ ಬಗ್ಗೆ ಎಚ್ಚರ ಇರಲಿ. ನಮ್ಮ ಜಿಲ್ಲೆಗೆ ಮೊದಲು ಉತ್ತರ ಕೆನರಾ ಅಂತ ಹೆಸರು, 1977ರಲ್ಲಿ ಉತ್ತರ ಕನ್ನಡ ಆಯಿತು. ಕ್ಷೇತ್ರದ ಹೆಸರು ಮಾತ್ರ 2008ರ ಮರುವಿಂಗಡಣೆಯವರೆಗೂ ಕೆನರಾ ಅಂತಲೇ ಇತ್ತು. ಹಳೆಯದು ಬೇಕಾದರೆ ಹಳೆಯ ಹೆಸರೂ ಹಾಕಿ ನೋಡಿ. ಹುಬ್ಬಳ್ಳಿಗೂ ಹಳೆಯ ಕಾಗುಣಿತ, ಹೊಸ ಕಾಗುಣಿತ ಎರಡೂ ಬೇಕು.

ನಾನು ಮೊದಲು ಹುಡುಕಿದ್ದು ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಾಟ ಶುರು ಮಾಡಿತು. ಘಟ್ಟ ಹತ್ತಿ ಹುಬ್ಬಳ್ಳಿ ಸೇರುವ ಮಾರ್ಗ ಮಾತ್ರ ಎರಡು ದಶಕಕ್ಕೂ ಜಾಸ್ತಿ ಕಾಲದಿಂದ ಬರೀ ಮಾತಿನಲ್ಲಿದೆ. ಒಂದೊಂದು ಲೋಕಸಭೆಯಲ್ಲೂ ಯಾರಾದರೂ ಕೇಳಿದ್ದಾರೆ. ಆ ಉತ್ತರಗಳನ್ನೆಲ್ಲ ತಾರೀಕಿನ ಪ್ರಕಾರ ಪ್ರಿಂಟ್ ಹಾಕಿ ಒಂದು ಫೈಲಿನಲ್ಲಿ ಇಟ್ಟೆವು. ಆ ಫೈಲನ್ನು ಒಂದು ಮಧ್ಯಾಹ್ನ ಕೂತು ಓದಿ ನೋಡಬೇಕು. ಕಾಡು, ವನ್ಯಜೀವಿ, ಕೋರ್ಟು, ಅನುಮತಿ, ಮತ್ತೆ ಸಮೀಕ್ಷೆ. ರೈಲು ಬೇಕು ಅನ್ನುವವರೂ ಬೇಡ ಅನ್ನುವವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಇಬ್ಬರೂ ನನ್ನ ಅಂಗಡಿಗೆ ಬಂದು ಅದೇ ಫೈಲು ಓದಿದ್ದಾರೆ. ಜಗಳ ನಿಂತಿಲ್ಲ. ಆದರೆ ಈಗ ಅವರು ಗಾಳಿಸುದ್ದಿಯ ಮೇಲೆ ಜಗಳ ಮಾಡುವುದಿಲ್ಲ, ಪುಟದ ಮೇಲೆ ಬೆರಳಿಟ್ಟು ಮಾಡುತ್ತಾರೆ.

ಎಲ್ಲ ಪ್ರಶ್ನೆಗೂ ದಿಲ್ಲಿ ಸರಿಯಾದ ಬಾಗಿಲಲ್ಲ. ಇದು ತಿಳಿಯದೆ ನಾವು ಬಹಳ ಸಮಯ ಕಳೆದೆವು. ಪಹಣಿ ತಿದ್ದುಪಡಿ, ಊರಿನ ಪೊಲೀಸು, ಇವೆಲ್ಲ ರಾಜ್ಯದ್ದು. ಅದಕ್ಕೆ ಬೆಂಗಳೂರು, ಚಳಿಗಾಲದಲ್ಲಾದರೆ ಬೆಳಗಾವಿಯ ಸುವರ್ಣ ವಿಧಾನಸೌಧ. ರೈಲು, ರಾಷ್ಟ್ರೀಯ ಹೆದ್ದಾರಿ, ಕೈಗಾ ಅಣುಸ್ಥಾವರ, ನೌಕಾನೆಲೆ, ಇವು ದಿಲ್ಲಿಯದ್ದು. ಮೀನುಗಾರಿಕೆ ಎರಡೂ ಕಡೆ ಹಂಚಿ ಹೋಗಿದೆ. ದಡದಿಂದ 12 ನಾಟಿಕಲ್ ಮೈಲಿಯೊಳಗೆ ರಾಜ್ಯ, ಅದರ ಆಚೆ ಕೇಂದ್ರ. ಬೈತಖೋಲದ ಬೋಟಿನವರೊಬ್ಬರಿಗೆ ಇದನ್ನು ಓದಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನೆ ಕೂತು, 'ಬಾಯಿ, ಹಾಗಾದರೆ ಬಲೆ ಎಳೆಯುವಾಗ ನಾವು ದಾಟುವುದು ಎರಡು ಸರ್ಕಾರದ ನೀರು' ಅಂದರು.

ಶಿರಸಿಯ ನನ್ನ ಅಣ್ಣನಿಗೂ ಹೀಗೇ ಆಯಿತು. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತ್ತು. ಕೃಷಿ ರಾಜ್ಯದ ವಿಷಯ. ಆದರೆ ಅಡಿಕೆಯ ಸಂಶೋಧನೆ ಮಾಡುವ ಕಾಸರಗೋಡಿನ ಸಂಸ್ಥೆ ಕೇಂದ್ರದ ಕೆಳಗಿದೆ, ಹೊರದೇಶದಿಂದ ಬರುವ ಅಡಿಕೆಯ ಮೇಲಿನ ನಿಯಮವೂ ಕೇಂದ್ರದ್ದು. ಆ ಬಗ್ಗೆ ಸಂಸತ್ತಿನಲ್ಲಿ ಬಂದ ಉತ್ತರಗಳನ್ನು ವಾಟ್ಸ್ಯಾಪಿನಲ್ಲಿ ಕಳಿಸಿದೆ. ಫೋನ್ ಮಾಡಿ, 'ತಂಗಿ, ಇದನ್ನ ಸೊಸೈಟಿಯಲ್ಲಿ ಓದಿ ಹೇಳ್ತೆ' ಅಂದ. ಓದಿಯೂ ಹೇಳಿದನಂತೆ.

ಉತ್ತರ ಸಿಕ್ಕರೆ ಕೆಲಸ ಆಯಿತು ಅಂತಲ್ಲ. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಎಷ್ಟೋ ಉತ್ತರದಲ್ಲಿ ಒಂದೇ ಸಾಲು ಇರುತ್ತದೆ: ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ಆ ಸಾಲು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಅದನ್ನು ಬೆನ್ನು ಹತ್ತುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಇದೆ, 1953ರಿಂದ. ಮೂರು ತಿಂಗಳು ಮೀರಿ ಹೋಗುವುದೂ ಇದೆ. ಆದರೂ ಭರವಸೆ ಅನ್ನುವ ಪದಕ್ಕೆ ಒಂದು ರಿಜಿಸ್ಟರ್ ಇಟ್ಟ ಜಾಗ ನನಗೆ ಗೊತ್ತಿರುವುದು ಇದೊಂದೇ.

ಕಾನೂನು ಮಾಡುವ ಕೆಲಸದ ಬಗ್ಗೆ ಒಂದೇ ಉದಾಹರಣೆ ಹೇಳುತ್ತೇನೆ, ಅದು ನಮ್ಮ ಜಿಲ್ಲೆಗೆ ತಾಗಿದ್ದು. ಅಂಕೋಲಾ, ಜೊಯಿಡಾ ಕಡೆಯಿಂದ ಅರಣ್ಯ ಹಕ್ಕಿನ ಅರ್ಜಿ ಹಿಡಿದು ಬರುವವರು ಈಗಲೂ ಇದ್ದಾರೆ. ಮಾಸಿದ ಕಾಗದ, ಹರಿದ ರಸೀದಿ, ಅಜ್ಜನ ಹೆಸರಿನ ಒಂದು ಹಾಳೆ. ಝೆರಾಕ್ಸ್ ಗಾಜಿನ ಮೇಲೆ ಇಡುವಾಗ ಕೈ ನಡುಗುತ್ತದೆ, ಹರಿದು ಹೋದರೆ ಅಂತ. ಕಾಡಿನಲ್ಲಿ ವಾಸ ಮಾಡುವವರಿಗೆ ಹಕ್ಕು ಕೊಡುವ ಈ ಅರಣ್ಯ ಹಕ್ಕು ಕಾನೂನಿನ ಮಸೂದೆ 2005ರ ಡಿಸೆಂಬರ್ 13ರಂದು ಲೋಕಸಭೆಗೆ ಬಂದಾಗ ಅದರ ಹೆಸರಿನಲ್ಲಿ ಇದ್ದದ್ದು ಪರಿಶಿಷ್ಟ ಪಂಗಡಗಳು ಮಾತ್ರ. 1980ರ ಅಕ್ಟೋಬರಿಗಿಂತ ಮೊದಲಿಂದ ಇದ್ದವರಿಗೆ ಮಾತ್ರ ಹಕ್ಕು ಅಂತ ಇತ್ತು. ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಇತರೆ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸಿ, ಗಡುವನ್ನು ಮುಂದಕ್ಕೆ ತನ್ನಿ ಅಂತ ಸಮಿತಿ ಹೇಳಿತು. 2006ರಲ್ಲಿ ಕಾನೂನು ಆದಾಗ ಎರಡೂ ಒಳಗೆ ಬಂದವು. ಮಸೂದೆ ಮಂಡನೆಯಾದ 2005ರ ಡಿಸೆಂಬರ್ 13 ಅನ್ನುವುದೇ ಗಡುವಿನ ದಿನ ಆಯಿತು. ಜೊತೆಗೆ, ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು ಅನ್ನುವ ಷರತ್ತೂ ಬಂತು. ಆ 75 ವರ್ಷ ತೋರಿಸುವುದು ಎಷ್ಟು ಕಷ್ಟ ಅಂತ ನನ್ನ ಗಿರಾಕಿಗಳ ಕೈಚೀಲ ನೋಡಿದರೆ ಗೊತ್ತಾಗುತ್ತದೆ. ಬಾಗಿಲು ತೆರೆದದ್ದು ಸಮಿತಿಯ ಕೋಣೆಯಲ್ಲಿ. ಟಿವಿಯಲ್ಲಿ ಆ ಕೋಣೆ ಕಾಣುವುದಿಲ್ಲ, ಸಮಿತಿಗಳ ಸಭೆ ಪ್ರಸಾರ ಆಗುವುದಿಲ್ಲ. ವರದಿ ಮಾತ್ರ ಜಾಲತಾಣದಲ್ಲಿ ಸಿಗುತ್ತದೆ, ಓದಲೇಬೇಕು.

ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದೂ ಸಂಸತ್ತಿನ ಕಾನೂನಿನಿಂದಲೇ. ಆ ಪಟ್ಟಿಗೆ ಹೆಸರು ಸೇರಿಸುವ, ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ. ಹಾಲಕ್ಕಿ ಒಕ್ಕಲಿಗರು ಅದಕ್ಕಾಗಿ ಇನ್ನೂ ಕಾಯುತ್ತಿದ್ದಾರೆ. ಅಷ್ಟೇಕೆ, ಮುಂಬೈ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದದ್ದು ಸಂಸತ್ತು ಮಾಡಿದ ರಾಜ್ಯ ಪುನರ್ವಿಂಗಡಣೆ ಕಾನೂನಿನಿಂದ. ಈ ವಿಮರ್ಶೆಯನ್ನು ಕನ್ನಡದಲ್ಲಿ ಬರೆಯುವಾಗ ಅದು ನೆನಪಾಗುತ್ತದೆ.

ಹಳೆಯ ಚರ್ಚೆಗಳೂ ಸಿಗುತ್ತವೆ. 1952ರಿಂದ ಲೋಕಸಭೆಯಲ್ಲಿ ನಡೆದ ಚರ್ಚೆಗಳನ್ನು ಡಿಜಿಟಲ್ ಗ್ರಂಥಾಲಯದಲ್ಲಿ ಹಾಕಿದ್ದಾರೆ. ನಮ್ಮ ಕ್ಷೇತ್ರದ ಮೊದಲ ಸಂಸದ ಜೋಕಿಂ ಆಳ್ವಾ ಮಾತಾಡಿದ ಪುಟಗಳನ್ನು ಒಂದು ಮಳೆಗಾಲ ಪೂರ್ತಿ ಓದಿದೆ. ಅವರ ಪತ್ನಿ ವಯೊಲೆಟ್ ಆಳ್ವಾ ಅದೇ ಕಾಲದಲ್ಲಿ ರಾಜ್ಯಸಭೆಯಲ್ಲಿದ್ದರು, 1962ರಿಂದ ಅಲ್ಲಿನ ಉಪಸಭಾಪತಿ. ಆಮೇಲೆ ದಿನಕರ ದೇಸಾಯಿಯವರು ಬಂದರು, 1967ರಲ್ಲಿ. ಅದೇ ವರ್ಷ ಪಕ್ಕದ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು.

ಭಾಷೆಯ ಮಾತು ಬಂತು. ಈ ಸೇವೆಯಲ್ಲಿ ನನಗೆ ಸಾಲದು ಅನ್ನಿಸುವುದು ಅದೇ. ಲೋಕಸಭೆಯ ಒಳಗೆ ಸದಸ್ಯರಿಗೆ ಕನ್ನಡದ ಅನುವಾದ ಕಿವಿಗೆ ಬರುವ ವ್ಯವಸ್ಥೆ ಆಗಿದೆ. ಸಂತೋಷ. ಆದರೆ ಲಿಖಿತ ಉತ್ತರ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನನ್ನ ಅಂಗಡಿಯಲ್ಲಿ ಅರ್ಧ ಸಮಯ ಪ್ರಿಂಟಿಗೆ, ಅರ್ಧ ಸಮಯ ಓದಿ ಹೇಳುವುದಕ್ಕೆ ಹೋಗುತ್ತದೆ. ಕನ್ನಡದಲ್ಲಿ, ಮತ್ತೆ ಕೊಂಕಣಿಯಲ್ಲಿ. ಉತ್ತರ ನಮ್ಮ ಭಾಷೆಯಲ್ಲೇ ಬಂದರೆ ಬೋಟಿನವರು ನನ್ನನ್ನು ಕೇಳದೆ ತಾವೇ ಓದಿಕೊಳ್ಳುತ್ತಾರೆ. ಅದು ಆಗಬೇಕು. ಇನ್ನು ನೆಟ್‌ವರ್ಕ್ ಕೈಕೊಡುವುದು, ಕರೆಂಟ್ ಹೋಗುವುದು, ಇವು ನಮ್ಮೂರಿನ ಮಳೆಗಾಲದ ಕಷ್ಟಗಳು. ಫೈಲುಗಳು ಚಿಕ್ಕವು, ರಾತ್ರಿ ಇಳಿಸಿಟ್ಟುಕೊಂಡರೆ ಸಾಕು.

ಮಾಹಿತಿ ಹಕ್ಕಿನ ಅರ್ಜಿಗಿಂತ ಇದು ಒಳ್ಳೆಯದೇ ಅಂತ ಕೆಲವರು ಕೇಳುತ್ತಾರೆ. ಎರಡೂ ಬೇರೆ. ಅದರಲ್ಲಿ ನೀವೇ ಕೇಳಬಹುದು, 10 ರೂಪಾಯಿ ಶುಲ್ಕ, 30 ದಿನ, ಉತ್ತರ ನಿಮ್ಮ ಮನೆಗೆ. ಇಲ್ಲಿ ನಿಮ್ಮ ಪ್ರಶ್ನೆಯನ್ನು ಸಂಸದರು ಎತ್ತಿಕೊಳ್ಳಬೇಕು. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಜಾಸ್ತಿ ಬಂದರೆ ಚೀಟಿ ಎತ್ತುತ್ತಾರೆ. ಸೇತುವೆ ಬಿದ್ದ ಆ ವಾರ ಅಧಿವೇಶನ ಮುಗಿಯುವುದಕ್ಕೆ ಎರಡೇ ದಿನ ಉಳಿದಿತ್ತು. ಹಾಗಾಗಿ ಕಟ್ಟೆಯ ಮೇಲಿನ ಪ್ರಶ್ನೆಗೆ ಚಳಿಗಾಲದವರೆಗೂ ದಾರಿ ಇರಲಿಲ್ಲ. ಶೂನ್ಯವೇಳೆಯಲ್ಲಿ ಅಂದಂದಿನ ವಿಷಯ ಎತ್ತಬಹುದು, ಆದರೆ ಅಲ್ಲಿ ಮಂತ್ರಿ ಅಂದೇ ಉತ್ತರಿಸಬೇಕು ಅಂತ ಇಲ್ಲ. ಸಂಸತ್ತಿನ ಪ್ರಶ್ನೆಗೆ ಉತ್ತರ ಬಂದ ಮೇಲೆ ಅದು ದೇಶಕ್ಕೆಲ್ಲ ತೆರೆದ ಪುಟ. ನಾನು ಎರಡನ್ನೂ ಮಾಡಿ ಅನ್ನುತ್ತೇನೆ.

ನಮ್ಮ ಅಂಗಡಿಯಿಂದ ಈಗ ಪ್ರಶ್ನೆಗಳನ್ನು ಟೈಪ್ ಮಾಡಿ ಸಂಸದರ ಕಚೇರಿಗೆ ಕಳಿಸುತ್ತೇವೆ. ಟೈಪಿಂಗಿಗೆ ಹಣ ತಗೊಳ್ಳುವುದಿಲ್ಲ. ಕಳೆದ ವಾರ ಮೀನು ಮಾರುವ ಬಾಯಿಯೊಬ್ಬರು ಬುಟ್ಟಿ ಹೊರಗಿಟ್ಟು ಒಳಗೆ ಬಂದರು. ಹೆದ್ದಾರಿ ಪಕ್ಕ ಕೂತು ಮಾರುವವರಿಗೆ ನೆರಳು, ನೀರು, ಐಸು ಇಡುವ ಜಾಗ ಕೊಡುವ ಯೋಜನೆ ಕೇಂದ್ರದಲ್ಲಿ ಇದೆಯಾ ಅಂತ ಅವರ ಪ್ರಶ್ನೆ. ನಾನು ಎ ಭಾಗ ಟೈಪ್ ಮಾಡಿದೆ, ಬಿ ಮಾಡಿದೆ, ಕೊಂಕಣಿಯಲ್ಲಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು ಸೆರಗು ಸರಿ ಮಾಡಿಕೊಂಡರು. 'ಇಲ್ಲ ಅಂದರೆ ಯಾಕೆ ಇಲ್ಲ ಅಂತ ಬರೆದಿಲ್ಲ ನೀನು' ಅಂದರು. ಮತ್ತೆ ಕೂತು ಸಿ ಭಾಗ ಟೈಪ್ ಮಾಡಿದೆ.